ಚಳಿಗಿಂತ ಮೊದಲು ಬೆವರಿನ ಲೆಕ್ಕ ಹಾಕಿ

ಚಳಿ ಪ್ರದೇಶದ ಚಾರಣಕ್ಕೆ ಏನು ತೊಡಬೇಕು ಎಂದು ಕೇಳಿ ಬಂದ ಪತ್ರಗಳಲ್ಲಿ ಹೆಚ್ಚಿನವು ಫ್ಲೀಸ್, ಅಂದರೆ ಎಳೆ ಎಬ್ಬಿಸಿ ಮೆತ್ತಗೆ ಮಾಡಿದ ಪಾಲಿಯೆಸ್ಟರ್ ಬಟ್ಟೆಯ ಸುತ್ತಲೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ, ಈ ಸಂಚಿಕೆಯ ಪುಟಗಳನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಮೊದಲ ಸಲ ಚಳಿಗಾಲದ ಚಾರಣಕ್ಕೆ ಹೊರಟಿದ್ದೇನೆ. ಫ್ಲೀಸ್ ಜಾಕೆಟ್‌ಗಳಲ್ಲಿ 100, 200, 300 ಎಂದು ಬರೆದಿರುತ್ತದೆ. "300ರದ್ದು ತೆಗೆದುಕೊಳ್ಳಿ, ಒಂದರಲ್ಲೇ ಎಲ್ಲ ಮುಗಿಯುತ್ತದೆ" ಎನ್ನುತ್ತಾರೆ ಅಂಗಡಿಯವರು. ಸರಿಯೇ?

ಉತ್ತರ: ಒಂದರಲ್ಲೇ ಮುಗಿಸಬೇಕೆಂದಿದ್ದರೆ 300 ಖಂಡಿತ ಬೇಡ.

ಆ ಸಂಖ್ಯೆ ಒಂದು ಚದರ ಮೀಟರ್ ಬಟ್ಟೆಯ ತೂಕವನ್ನು ಗ್ರಾಂ ಲೆಕ್ಕದಲ್ಲಿ ಹೇಳುತ್ತದೆ. 100 ಎಂದರೆ ದಪ್ಪ ಟೀ ಶರ್ಟಿನಂಥ ತೆಳು ಬಟ್ಟೆ. 200 ನಡುವಿನದು, ನಾವು ಸಾಮಾನ್ಯವಾಗಿ ಫ್ಲೀಸ್ ಎಂದು ಗುರುತಿಸುವುದು ಇದನ್ನೇ. 300 ಕಂಬಳಿಯ ಗುಂಪಿಗೆ ಸೇರಿದ್ದು. ಮೂರರಲ್ಲೂ ಬೆಚ್ಚಗಿಡುವುದು ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿ. ಬಟ್ಟೆ ದಪ್ಪವಾದಷ್ಟೂ ಅದು ಹಿಡಿದಿಡುವ ಗಾಳಿ ಹೆಚ್ಚು, ಅಷ್ಟೆ.

ಈಗ ಮೈಯ ಲೆಕ್ಕ ನೋಡಿ. ಸುಮ್ಮನೆ ಕುಳಿತ ವಯಸ್ಕರೊಬ್ಬರ ಮೈ ಸುಮಾರು 100 ವ್ಯಾಟ್ ಶಾಖವನ್ನು ಹೊರಬಿಡುತ್ತಿರುತ್ತದೆ. ಬೆನ್ನಿಗೆ ಹೊರೆ ಹೊತ್ತು ಏರು ಹತ್ತುವಾಗ ಇದು ಐದಾರು ಪಟ್ಟಾಗುತ್ತದೆ. ಕುಳಿತಾಗ ಹಿತವೆನಿಸಿದ 300ರ ಜಾಕೆಟ್ ಹತ್ತುವಾಗ ಒಲೆಯಂತಾಗುತ್ತದೆ. ಅಂಗಡಿಯಲ್ಲಿ ನಿಂತು ತೊಟ್ಟು ನೋಡುವವರಿಗೆ ಇದು ತಿಳಿಯುವುದಿಲ್ಲ, ಅಲ್ಲಿ ಯಾರೂ ಬೆಟ್ಟ ಹತ್ತುತ್ತಿರುವುದಿಲ್ಲವಲ್ಲ. ಹಾಗಾಗಿ ಹೆಚ್ಚಿನವರು ತಮಗೆ ಬೇಕಾದದ್ದಕ್ಕಿಂತ ಒಂದು ಮೆಟ್ಟಿಲು ದಪ್ಪನೆಯದನ್ನೇ ಕೊಳ್ಳುತ್ತಾರೆ, ಆಮೇಲೆ ದಾರಿಯುದ್ದಕ್ಕೂ ಅದನ್ನು ಚೀಲದಲ್ಲಿ ಹೊರುತ್ತಾರೆ.

ಒಂದೇ ಕೊಳ್ಳುವುದಾದರೆ 100ರದ್ದು, ಇಲ್ಲವೇ ಒಳಮೈಯಲ್ಲಿ ಚೌಕುಳಿಗಳಿರುವ ಗ್ರಿಡ್ ಫ್ಲೀಸ್ ಕೊಳ್ಳಿ. ಎರಡು ಕೊಳ್ಳಬಹುದಾದರೆ ಒಂದು 100, ಒಂದು 200. ಆಗ 100 ಮಾತ್ರ, 200 ಮಾತ್ರ, ಎರಡೂ ಒಟ್ಟಿಗೆ ಎಂದು ಮೂರು ಹಂತಗಳು ಸಿಗುತ್ತವೆ. 300ರ ಒಂದೇ ಜಾಕೆಟ್‌ನಲ್ಲಿ ಇರುವುದು ಎರಡೇ ಹಂತ: ತೊಡುವುದು, ಬಿಚ್ಚುವುದು.

ನಡೆಯುತ್ತಲೇ ಇರುವವರಿಗೆ, ಗಾಳಿ ಕಡಿಮೆ ಇದ್ದಾಗ, ಹೀಗಿಟ್ಟುಕೊಳ್ಳಿ: 5ರಿಂದ 12 ಡಿಗ್ರಿ ಸೆಲ್ಸಿಯಸ್‌ವರೆಗೆ ಥರ್ಮಲ್ ಒಳಪದರದ ಮೇಲೆ 100ರ ಫ್ಲೀಸ್ ಸಾಕು, ಏರಿನಲ್ಲಿ ಅದೂ ಬೇಡವೆನಿಸಬಹುದು. 5ರಿಂದ ಸೊನ್ನೆಯ ಕೆಳಗೆ 5ರವರೆಗೆ ಗ್ರಿಡ್ ಫ್ಲೀಸ್, ಕೈಗೆಟಕುವಲ್ಲಿ ಒಂದು ವಿಂಡ್‌ಚೀಟರ್. ಅದಕ್ಕೂ ಕೆಳಗೆ ನಿಧಾನ ನಡಿಗೆಗೆ 200 ಒಗ್ಗುತ್ತದೆ. ಇದು ಗೆರೆ ಎಳೆದಂಥ ಲೆಕ್ಕವಲ್ಲ. ಬೇಗ ಬೆವರುವವರು ಒಂದು ಮೆಟ್ಟಿಲು ಇಳಿಯಿರಿ, ಸದಾ ಕೈಕಾಲು ತಣ್ಣಗಿರುವವರು ಒಂದು ಮೆಟ್ಟಿಲು ಏರಿ. ಹೊರಡುವ ಜಾಗದ ಉಷ್ಣತೆಯನ್ನಷ್ಟೇ ನೋಡಬೇಡಿ. 1000 ಮೀಟರ್ ಎತ್ತರಕ್ಕೆ ಸರಾಸರಿ 6.5 ಡಿಗ್ರಿಯಷ್ಟು ತಗ್ಗುತ್ತದೆ.

ಚೀಟಿಯಲ್ಲಿ ಸಂಖ್ಯೆ ಇಲ್ಲದಿದ್ದರೆ ಜಾಕೆಟ್ಟನ್ನೇ ತೂಗಿ. ಮಧ್ಯಮ ಅಳತೆಯ, ಪೂರ್ತಿ ಜಿಪ್ ಇರುವ ಜಾಕೆಟ್ 200ರಿಂದ 250 ಗ್ರಾಂ ಇದ್ದರೆ ಅದು 100ರ ಆಸುಪಾಸಿನದು. 300ರಿಂದ 400 ಗ್ರಾಂ ಇದ್ದರೆ 200ರದ್ದು. ಅರ್ಧ ಕಿಲೋ ದಾಟಿತೆಂದರೆ 300ರದ್ದು ಎಂದುಕೊಳ್ಳಿ.

ಪ್ರಶ್ನೆ: ಹತ್ತುವಾಗ ಮೈಯೆಲ್ಲ ಬೆವರು, ನಿಂತ ಐದು ನಿಮಿಷಕ್ಕೆ ನಡುಕ. ನನ್ನ ಫ್ಲೀಸ್ ಕಳಪೆಯೇ?

ಉತ್ತರ: ಫ್ಲೀಸಿನ ತಪ್ಪಲ್ಲ. ಅದನ್ನು ಬಿಚ್ಚಬೇಕಾದ ಹೊತ್ತಿಗೆ ಬಿಚ್ಚಿಲ್ಲ, ಅಷ್ಟೆ.

ಒಂದು ಗ್ರಾಂ ಬೆವರು ಆರಬೇಕಾದರೆ ಸುಮಾರು 2400 ಜೌಲ್ ಶಾಖ ಬೇಕು. ಒಳಂಗಿಯಲ್ಲಿ 100 ಗ್ರಾಂ ಬೆವರು ಉಳಿದಿದೆ ಎಂದುಕೊಳ್ಳಿ, ಅರ್ಧ ಲೋಟವೂ ಆಗುವುದಿಲ್ಲ ಅದು. ಅಷ್ಟು ಆರಲು 2,40,000 ಜೌಲ್ ಬೇಕು, ಅದರ ಬಹುಪಾಲು ನಿಮ್ಮ ಮೈಯಿಂದಲೇ ಹೋಗಬೇಕು. ಕುಳಿತಾಗ ಮೈ ಹೊರಬಿಡುವುದು 100 ವ್ಯಾಟ್ (ಸೆಕೆಂಡಿಗೆ 100 ಜೌಲ್), ಅಂದರೆ ನಲವತ್ತು ನಿಮಿಷದ ಶಾಖವೆಲ್ಲ ಆ ಒದ್ದೆಗೇ ಖರ್ಚು. ಜೊತೆಗೆ, ನಿಂತ ಗಾಳಿಗೆ ಹೋಲಿಸಿದರೆ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಬೆವರಿದ ಮೇಲೆ ಏನು ಹೊದೆಯಲಿ ಎಂದು ಯೋಚಿಸುವುದಕ್ಕಿಂತ ಬೆವರದಂತೆ ನಡೆಯುವುದೇ ಲೇಸು ಎನ್ನುವುದು ಇದಕ್ಕೇ.

ಹೊರಡುವಾಗ ಸ್ವಲ್ಪ ಚಳಿಯಾಗುತ್ತಿರಲಿ. ಹಿತವಾಗಿ ಬೆಚ್ಚಗಿದ್ದೀರಿ ಎಂದರೆ ಒಂದು ಪದರ ಹೆಚ್ಚಾಗಿದೆ ಎಂದೇ ಅರ್ಥ. ಹತ್ತು ಹದಿನೈದು ನಿಮಿಷ ನಡೆದ ಮೇಲೆ ಹೇಗೂ ಒಮ್ಮೆ ನಿಂತು ಬಟ್ಟೆ ಸರಿಮಾಡಿಕೊಳ್ಳಿ. ಜೊತೆಯವರು ಕಾಯುತ್ತಾರೆಂಬ ಸಂಕೋಚಕ್ಕೆ ಈ ನಿಲುಗಡೆಯನ್ನು ತಪ್ಪಿಸುವವರೇ ಹೆಚ್ಚು, ಮುಂದಿನ ತೊಂದರೆಗೆಲ್ಲ ಅದೇ ಮೂಲ. ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಮೊದಲು ಟೊಪ್ಪಿ, ಕೈಗವಸು. ಆಮೇಲೆ ಕತ್ತಿನ ಜಿಪ್ ಎದೆಯವರೆಗೆ. ಆಮೇಲೆ ತೋಳುಗಳನ್ನು ಮೊಣಕೈವರೆಗೆ ಮೇಲೆ ಸರಿಸುವುದು. ಇಷ್ಟಕ್ಕೂ ಬೆನ್ನು ಒದ್ದೆಯಾಗತೊಡಗಿದರೆ ಫ್ಲೀಸನ್ನೇ ತೆಗೆಯಿರಿ. ಗಾಳಿ ಇದ್ದರೆ ಒಳಪದರದ ಮೇಲೆ ನೇರವಾಗಿ ತೆಳು ವಿಂಡ್‌ಚೀಟರ್ ತೊಡಿ. ಫ್ಲೀಸ್ ಇಲ್ಲದ ಈ ಜೋಡಿ ಉದ್ದನೆಯ ಏರಿಗೆ ಬಹಳ ಚೆನ್ನಾಗಿ ಒಗ್ಗುತ್ತದೆ.

ನಿಂತ ಕೂಡಲೇ, ಮೊದಲ ನಿಮಿಷದಲ್ಲೇ, ಇದ್ದ ಬಟ್ಟೆಯ ಮೇಲೆಯೇ ದಪ್ಪ ಜಾಕೆಟ್ ಹಾಕಿಕೊಳ್ಳಿ. ಚಳಿಯಾದ ಮೇಲೆ ಹಾಕಿಕೊಂಡರೆ ಬೆಚ್ಚಗಾಗಲು ಬಹಳ ಹೊತ್ತು ಬೇಕು, ಏಕೆಂದರೆ ಜಾಕೆಟ್ ಶಾಖವನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ಕಾಯುತ್ತದೆ. ಅದಕ್ಕಾಗಿ ಆ ಜಾಕೆಟ್ ಚೀಲದ ತಳದಲ್ಲಿರಬಾರದು, ಬಾಯಿ ತೆರೆದ ಕೂಡಲೇ ಕೈಗೆ ಸಿಗಬೇಕು. ಒಳಂಗಿ ಪೂರ್ತಿ ನೆನೆದಿದ್ದರೆ ದಿನದ ಕೊನೆಯ ತಾಣದಲ್ಲಿ ಒಣಗಿದ್ದನ್ನು ತೊಡಿ. ಒದ್ದೆಯ ಮೇಲೆ ಎಷ್ಟು ಹೊದ್ದರೂ ಫಲ ಅರ್ಧ.

ಪ್ರಶ್ನೆ: ಗ್ರಿಡ್, ಶೆರ್ಪಾ, ಮೈಕ್ರೋ, ಹಾರ್ಡ್ ಫೇಸ್ ಎಂದೆಲ್ಲ ಹೆಸರುಗಳಿವೆ. ವ್ಯತ್ಯಾಸ ನಿಜವೇ, ಮಾರಾಟದ ಮಾತೇ?

ಉತ್ತರ: ವ್ಯತ್ಯಾಸ ನಿಜವಾದದ್ದು, ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ಫ್ಲೀಸ್ ಎಂದರೆ ಹೆಣೆದ ಪಾಲಿಯೆಸ್ಟರ್ ಬಟ್ಟೆ. ಹೆಣೆದ ಮೇಲೆ ತಂತಿ ಹಲ್ಲುಗಳ ಉರುಳೆಗಳಿಂದ ಬಾಚಿ ಎಳೆಗಳನ್ನು ಎಬ್ಬಿಸುತ್ತಾರೆ, ಎದ್ದ ಎಳೆಗಳನ್ನು ಸಮನಾಗಿ ಕತ್ತರಿಸುತ್ತಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮಾಲ್ಡನ್ ಮಿಲ್ಸ್ 1970ರ ದಶಕದ ಕೊನೆಗೆ ಹೀಗೆ ತಯಾರಿಸತೊಡಗಿತು. ಪೋಲಾರ್‌ಟೆಕ್ ಎಂಬ ಹೆಸರು ಆ ಮಿಲ್ಲಿನದೇ. ಎಳೆಗಳನ್ನು ಎಲ್ಲಿ ಎಬ್ಬಿಸಿದ್ದಾರೆ, ಎಷ್ಟು ಉದ್ದ ಬಿಟ್ಟಿದ್ದಾರೆ ಎಂಬುದರ ಮೇಲೆ ಬಗೆಗಳಾಗುತ್ತವೆ.

ಮೈಕ್ರೋ ಎಂದರೆ ಗಿಡ್ಡ ಎಳೆಯ ತೆಳು ಬಟ್ಟೆ, ಮೇಲೆ ಹೇಳಿದ 100ರ ವರ್ಗ. ಅಗ್ಗ, ಮೆತ್ತಗೆ, ನಂಬಿಕೆಯದು.

ಗ್ರಿಡ್‌ನಲ್ಲಿ ಒಳಮೈಗೆ ಪುಟ್ಟ ಪುಟ್ಟ ಉಬ್ಬು ಚೌಕಗಳು, ನಡುವೆ ತೆಳು ಕಾಲುವೆಗಳು. ಬೆಳಕಿಗೆ ಹಿಡಿದರೆ ಕಾಲುವೆಗಳು ಎದ್ದು ಕಾಣುತ್ತವೆ. ಮೇಲೆ ವಿಂಡ್‌ಚೀಟರ್ ಇದ್ದಾಗ ಉಬ್ಬುಗಳ ನಡುವೆ ಗಾಳಿ ನಿಂತು ಬೆಚ್ಚಗಿಡುತ್ತದೆ, ಅದನ್ನು ತೆಗೆದರೆ ಕಾಲುವೆಗಳ ಮೂಲಕ ಬೆವರಿನ ಹಬೆ ಬೇಗ ಹೊರಟುಹೋಗುತ್ತದೆ. ಹೆಚ್ಚು ಬಟ್ಟೆ ಇಲ್ಲದ್ದರಿಂದ ಬೇಗ ಒಣಗುತ್ತದೆ, ಚಿಕ್ಕದಾಗಿ ಮಡಚಿಕೊಳ್ಳುತ್ತದೆ. ಏರಿ ಇಳಿಯುವ ಚಾರಣಕ್ಕೆ ಒಂದೇ ಬಗೆ ಹೇಳಿ ಎಂದರೆ ನಮ್ಮ ಆಯ್ಕೆ ಇದೇ.

ಹಾರ್ಡ್ ಫೇಸ್‌ನ ಹೊರಮೈ ನುಣುಪು, ಒಳಮೈ ಮಾತ್ರ ಜುಂಗು. ಬೆನ್ನುಚೀಲದ ಪಟ್ಟಿ ಉಜ್ಜಿದರೂ ಗಂಟುಗಟ್ಟುವುದಿಲ್ಲ, ಹಿಮ ಅಂಟಿಕೊಳ್ಳುವುದಿಲ್ಲ, ಗಾಳಿಯನ್ನು ತುಸು ತಡೆಯುತ್ತದೆ. ಬಂಡೆ ಹತ್ತುವವರಿಗೆ ಒಳ್ಳೆಯದು.

ಶೆರ್ಪಾ ಎನ್ನುವುದು ಕುರಿತುಪ್ಪಟದಂತೆ ಕಾಣುವ ಉದ್ದ ಎಳೆಯದು. ಬಿಡಾರದಲ್ಲಿ ಕುಳಿತಾಗ ಸುಖ. ಚೀಲದಲ್ಲಿ ಅರ್ಧ ಜಾಗ ನುಂಗುತ್ತದೆ, ಹಿಮದಲ್ಲಿ ಕುಳಿತರೆ ಎಳೆಗಳಲ್ಲಿ ಹಿಮ ಸಿಕ್ಕಿ ಅಲ್ಲೇ ಕರಗುತ್ತದೆ. ಹೊತ್ತು ನಡೆಯುವವರಿಗೆ ಬೇಡ.

ಇನ್ನೊಂದು ಬಗೆ ಈಚೆಗೆ ಹೆಚ್ಚು ಕಾಣುತ್ತಿದೆ: ಬಲೆಯಂಥ ತಳಕ್ಕೆ ಹಗುರವಾದ ಎಳೆಗಳನ್ನು ಸಿಕ್ಕಿಸಿದ, ಆರಪಾರ ಕಾಣುವಂಥ ಬಟ್ಟೆ. ಪೋಲಾರ್‌ಟೆಕ್‌ನ ಆಲ್ಫಾ ಡೈರೆಕ್ಟ್ ಇದರಲ್ಲಿ ಹೆಸರಾದದ್ದು. ಆಲ್ಫಾ ಬಟ್ಟೆ ಮೊದಲು ರೂಪುಗೊಂಡದ್ದು ಅಮೆರಿಕದ ವಿಶೇಷ ಸೇನಾ ಪಡೆಗಳಿಗಾಗಿ. ಇದರ ತೆಳು ನಮೂನೆಯ ಅಂಗಿ 150 ಗ್ರಾಂ ಕೂಡ ತೂಗುವುದಿಲ್ಲ. ಆದರೆ ಗಾಳಿಯ ಎದುರು ಇದೊಂದೇ ತೊಟ್ಟರೆ ಏನೂ ತೊಟ್ಟಿಲ್ಲದಂತೆ. ಮೇಲೊಂದು ಪದರ ಇದ್ದೇ ಇರಬೇಕು. ಮುಳ್ಳಿಗೆ, ಒರಟು ಬಂಡೆಗೆ ಬೇಗ ಸೋಲುತ್ತದೆ. ಮೊದಲ ಫ್ಲೀಸ್ ಆಗಿ ಇದನ್ನು ಕೊಳ್ಳಬೇಡಿ.

ಪ್ರಶ್ನೆ: ಬೆಟ್ಟದ ತುದಿಯಲ್ಲಿ ಗಾಳಿ ಫ್ಲೀಸಿನೊಳಗೇ ನುಗ್ಗುತ್ತದೆ. ಗಾಳಿ ತಡೆಯುವ ಫ್ಲೀಸ್ ಕೊಳ್ಳಲೇ?

ಉತ್ತರ: ಬೇಡ. ಎರಡು ಬಟ್ಟೆಗಳ ನಡುವೆ ತೆಳು ಪೊರೆ ಅಂಟಿಸಿ ಗಾಳಿ ತಡೆಯುವ ಫ್ಲೀಸ್ ಮಾಡುತ್ತಾರೆ. ಗಾಳಿಯೇನೋ ನಿಲ್ಲುತ್ತದೆ. ಆದರೆ ಆ ಪೊರೆ ಬೆವರಿನ ಹಬೆಯನ್ನೂ ಬಹುಮಟ್ಟಿಗೆ ಹಿಡಿದಿಡುತ್ತದೆ, ಬಟ್ಟೆ ಭಾರವಾಗುತ್ತದೆ, ಒಣಗುವುದು ತಡವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಗಾಳಿತಡೆಯನ್ನು ಬಿಚ್ಚಿ ಬೆಚ್ಚಗೆಯನ್ನು ಮಾತ್ರ ಉಳಿಸಿಕೊಳ್ಳಲು ಬರುವುದಿಲ್ಲ. ಕೈಗವಸಿಗೆ, ಟೊಪ್ಪಿಗೆ, ಇಳಿಜಾರಿನಲ್ಲಿ ಸೈಕಲ್ ಓಡಿಸುವವರಿಗೆ ಅದು ಸರಿ. ನಡೆಯುವವರಿಗೆ ಸಾದಾ ಫ್ಲೀಸ್, ಮೇಲೆ 100ರಿಂದ 150 ಗ್ರಾಂ ತೂಕದ ಬಿಡಿ ವಿಂಡ್‌ಚೀಟರ್ ಇರಬೇಕು. ಮುಷ್ಟಿಯಷ್ಟಾಗಿ ಮಡಚುವ ಈ ಬಟ್ಟೆ ಫ್ಲೀಸಿನ ಕೆಲಸವನ್ನು ಎಷ್ಟು ಹೆಚ್ಚಿಸುತ್ತದೆಂದರೆ, ಹಣ ಕಡಿಮೆ ಇದ್ದಾಗ ಫ್ಲೀಸಿನ ಗುಣಮಟ್ಟದಲ್ಲಿ ಉಳಿಸಿ ಇದನ್ನು ಕೊಳ್ಳಿ ಎಂದೇ ಹೇಳುತ್ತೇವೆ.

ಗಾಳಿಯ ಪರಿಣಾಮ ಸಣ್ಣದಲ್ಲ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 30 ಕಿ.ಮೀ. ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಸೊನ್ನೆಯ ಕೆಳಗೆ 6 ಡಿಗ್ರಿಯಷ್ಟು ತಣ್ಣಗೆನಿಸುತ್ತದೆ. ಫ್ಲೀಸಿನೊಳಗೆ ನಿಂತಿದ್ದ ಬೆಚ್ಚನೆ ಗಾಳಿಯನ್ನೂ ಅದು ಒಯ್ಯುತ್ತದೆ. ಬಟ್ಟೆ ಎಷ್ಟು ಗಾಳಿ ಬಿಡುತ್ತದೆ ಎಂದು ತಿಳಿಯಲು ಅದನ್ನು ಬಾಯಿಗೆ ಒತ್ತಿ ಹಿಡಿದು ಊದಿ. ಆಚೆ ಹಿಡಿದ ಅಂಗೈಗೆ ಉಸಿರು ಸಲೀಸಾಗಿ ತಾಗಿದರೆ ಅದು ನಡಿಗೆಗೆ ತಕ್ಕ ಫ್ಲೀಸ್. ವಿಂಡ್‌ಚೀಟರ್‌ನಲ್ಲಿ ಊದಿದರೆ ತುಸು ಬಲ ಹಾಕಿದಾಗ ಮಾತ್ರ ಸ್ವಲ್ಪ ದಾಟಬೇಕು. ಒಂಚೂರೂ ದಾಟದಿದ್ದರೆ ಅದು ಮಳೆಯಂಗಿ. ಗಾಳಿಗೆ ಅದೂ ಆದೀತು, ಒಳಗೆ ಬೆವರು ಮಾತ್ರ ಹೆಚ್ಚು.

ಪ್ರಶ್ನೆ: ಫ್ಲೀಸ್ ಎಂದು ಕೊಂಡ ಹುಡ್ ಅಂಗಿ ಒಗೆದರೆ ಎರಡು ದಿನವಾದರೂ ಒಣಗುವುದಿಲ್ಲ. ಏಕೆ?

ಉತ್ತರ: ಒಳಗೆ ಹೊಲಿದ ಚೀಟಿ ಓದಿ. ಬಹುಶಃ ಹತ್ತಿ ಇದೆ. ಒಳಮೈ ಬಾಚಿ ಮೆತ್ತಗೆ ಮಾಡಿದ ಹತ್ತಿ ಸ್ವೆಟ್‌ಶರ್ಟ್ ಬಟ್ಟೆಗೂ ಬಟ್ಟೆ ವ್ಯಾಪಾರದಲ್ಲಿ ಫ್ಲೀಸ್ ಎಂದೇ ಹೆಸರು. ಮನೆಯಲ್ಲಿ ತೊಡಲು ಚೆನ್ನ, ಬೆಟ್ಟಕ್ಕೆ ಅಪಾಯ. ಪಾಲಿಯೆಸ್ಟರ್ ಎಳೆ ತನ್ನ ತೂಕದ ನೂರರಲ್ಲಿ ಅರ್ಧ ಪಾಲಿನಷ್ಟೂ ತೇವವನ್ನು ಹೀರುವುದಿಲ್ಲ, ನೀರು ಎಳೆಗಳ ನಡುವೆ ಮಾತ್ರ ನಿಲ್ಲುತ್ತದೆ. ಹಿಂಡಿ ಕೊಡವಿದರೆ ಬಹುಪಾಲು ಹೋಗುತ್ತದೆ. ಹತ್ತಿಯ ಎಳೆ ತಾನೇ ನೀರು ಕುಡಿದು ಕುಸಿಯುತ್ತದೆ, ಗಾಳಿ ನಿಲ್ಲುವ ಜಾಗವೇ ಉಳಿಯುವುದಿಲ್ಲ. ಚೀಟಿಯಲ್ಲಿ 100 ಪ್ರತಿಶತ ಪಾಲಿಯೆಸ್ಟರ್ ಎಂದಿರಲಿ. ಅದರಲ್ಲಿ 5ರಿಂದ 8 ಪ್ರತಿಶತ ಪಾಲು ಎಲಾಸ್ಟೇನ್ ಆಗಿದ್ದರೆ ಅದು ಹಿಗ್ಗುವುದಕ್ಕಾಗಿ, ಅದೂ ಸರಿ. ಮೆರಿನೊ ಉಣ್ಣೆ ಬೆರೆತಿದ್ದರೂ ತೊಂದರೆಯಿಲ್ಲ.

ಪ್ರಶ್ನೆ: ಫ್ಲೀಸಿಗಿಂತ ಡೌನ್ ಜಾಕೆಟ್ ಹಗುರ, ಬೆಚ್ಚಗೆ. ಹಾಗಿದ್ದರೆ ಫ್ಲೀಸ್ ಏಕೆ ಬೇಕು?

ಉತ್ತರ: ತೂಕಕ್ಕೆ ಸಿಗುವ ಬೆಚ್ಚಗೆಯಲ್ಲಿ ನಯಗರಿ ತುಂಬಿದ ಡೌನ್ ಜಾಕೆಟ್ಟನ್ನು ಫ್ಲೀಸ್ ಮುಟ್ಟಲಾರದು. ನಿಮ್ಮ ಮಾತು ಸರಿ. ಆದರೆ ಅವೆರಡರ ಕೆಲಸ ಬೇರೆ. ಡೌನ್ ತೊಟ್ಟು ಹತ್ತಿದರೆ ಬೆವರು ಗರಿಗಳಿಗೆ ಇಳಿಯುತ್ತದೆ, ಒದ್ದೆಯಾದ ಗರಿ ಮುದ್ದೆಯಾಗುತ್ತದೆ, ಚಳಿಯಲ್ಲಿ ಅದು ಬೇಗ ಒಣಗುವುದಿಲ್ಲ. ಬೆನ್ನುಚೀಲದ ಪಟ್ಟಿಯ ಕೆಳಗೆ ಡೌನ್ ಒತ್ತಿ ಚಪ್ಪಟೆಯಾಗುತ್ತದೆ, ಅಲ್ಲಿ ಬೆಚ್ಚಗೆಯೇ ಇಲ್ಲ. ಫ್ಲೀಸ್ ಅಷ್ಟು ಅಮುಕಿಕೊಳ್ಳುವುದಿಲ್ಲ. ನಡೆಯುವಾಗ ಫ್ಲೀಸ್, ನಿಂತಾಗ ಅದರ ಮೇಲೆ ಡೌನ್. ಸದಾ ಮಳೆ, ಮಂಜು, ಒದ್ದೆ ಇರುವ ಕಡೆಗಾದರೆ ಡೌನ್ ಬದಲು ಪಾಲಿಯೆಸ್ಟರ್ ನಾರು ತುಂಬಿದ ಜಾಕೆಟ್ ಒಯ್ಯಿರಿ.

ಪ್ರಶ್ನೆ: ಅಳತೆ, ಜಿಪ್, ಜೇಬು, ಟೊಪ್ಪಿ: ಕೊಳ್ಳುವಾಗ ಏನೇನು ನೋಡಬೇಕು?

ಉತ್ತರ: ಚಾರಣದಲ್ಲಿ ತೊಡುವ ಒಳಂಗಿಯನ್ನೇ ತೊಟ್ಟು, ವಿಂಡ್‌ಚೀಟರ್ ಅಥವಾ ಮಳೆಯಂಗಿಯನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ. ಇದೊಂದನ್ನು ಮಾಡಿದರೆ ಅಳತೆಯ ಅರ್ಧ ತಪ್ಪುಗಳು ಆಗುವುದಿಲ್ಲ.

ಫ್ಲೀಸ್ ಮೈಗೆ ಹತ್ತಿರ ಕೂರಬೇಕು, ಆದರೆ ಬಿಗಿಯಬಾರದು. ಸಡಿಲವಾದರೆ ಪ್ರತಿ ಹೆಜ್ಜೆಗೂ ಒಳಗಿನ ಬೆಚ್ಚನೆ ಗಾಳಿ ಕತ್ತಿನಿಂದ, ಸೊಂಟದಿಂದ ಆಚೆ ಹೋಗುತ್ತದೆ. ಬಿಗಿಯಾದರೆ ಎಳೆಗಳು ಅಮುಕಿ ಗಾಳಿಗೆ ಜಾಗವಿರುವುದಿಲ್ಲ. ಎರಡೂ ಕೈ ತಲೆಯ ಮೇಲೆತ್ತಿ: ಅಂಚು ಸೊಂಟದ ಮೇಲಕ್ಕೆ ಏರಿ ಹೊಟ್ಟೆ ಕಾಣಬಾರದು, ತೋಳಿನ ತುದಿ ಮಣಿಕಟ್ಟಿನಿಂದ ಕೆಳಗೆ ಜಾರಬಾರದು. ಎದೆಯ ಮುಂದೆ ಕೈಕಟ್ಟಿ ಬೆನ್ನನ್ನು ಬಗ್ಗಿಸಿ: ಹೆಗಲ ಹಿಂದೆ ಎಳೆಯಬಾರದು. ಮೇಲೆ ಮಳೆಯಂಗಿ ತೊಟ್ಟು ಇದನ್ನೇ ಮತ್ತೊಮ್ಮೆ ಮಾಡಿ. ಆಗ ಬಿಗಿಯಾದರೆ ಫ್ಲೀಸ್ ದಪ್ಪವಾಗಿದೆ, ಇಲ್ಲವೇ ಮಳೆಯಂಗಿ ಚಿಕ್ಕದಾಗಿದೆ. ಸಾಧ್ಯವಿದ್ದರೆ ತುಂಬಿದ ಬೆನ್ನುಚೀಲ ಏರಿಸಿ, ಹೆಗಲ ಮೇಲಿನ ಹೊಲಿಗೆ ಪಟ್ಟಿಯ ಕೆಳಗೆ ಒತ್ತುತ್ತದೆಯೇ ನೋಡಿ. ಅಲ್ಲಿ ಹೊಲಿಗೆ ಚಪ್ಪಟೆಯಾಗಿರಬೇಕು, ಅಥವಾ ಹೆಗಲಿನಿಂದ ಮುಂದಕ್ಕೋ ಹಿಂದಕ್ಕೋ ಸರಿದಿರಬೇಕು.

ತೆಳು ಫ್ಲೀಸಿಗೆ ಎದೆಯವರೆಗಿನ ಜಿಪ್ ಸಾಕು. ಹಗುರ, ಸೊಂಟಪಟ್ಟಿಯ ಕೆಳಗೆ ಜಿಪ್ಪಿನ ಗಂಟು ಇರುವುದಿಲ್ಲ. ಆದರೆ ಅದು ಎದೆಯ ಕೆಳಗಿನವರೆಗೆ ಇಳಿದಿರಲಿ, ಕತ್ತಿನ ಬಳಿಯೇ ಮುಗಿಯುವ ಗಿಡ್ಡ ಜಿಪ್ಪಿನಿಂದ ಶಾಖ ಹೊರಬರುವುದಿಲ್ಲ. ಪದೇ ಪದೇ ಬಿಚ್ಚಿ ತೊಡುವ 200ರ ಫ್ಲೀಸಿಗೆ ಪೂರ್ತಿ ಜಿಪ್ಪೇ ಬೇಕು. ಜಿಪ್ಪಿನ ಮೇಲ್ತುದಿಗೆ ಗದ್ದ ಗೀರದಂತೆ ಬಟ್ಟೆಯ ಮಡಿಕೆ ಇದೆಯೇ ನೋಡಿಕೊಳ್ಳಿ. ಕೈಗವಸು ತೊಟ್ಟೇ ಜಿಪ್ ಎಳೆದು ನೋಡಿ. ಪಕ್ಕದ ಜೇಬುಗಳು ಬೆನ್ನುಚೀಲದ ಸೊಂಟಪಟ್ಟಿಯ ಕೆಳಗೆ ಹೋದರೆ ಅವು ಇದ್ದೂ ಇಲ್ಲದಂತೆ. ಎದೆಯ ಮೇಲೊಂದು ಜೇಬಿದ್ದರೆ ಸಾಕು, ಚಳಿಗೆ ಬೇಗ ಸೋಲುವ ಫೋನು, ಟಾರ್ಚಿನ ಬ್ಯಾಟರಿ ಅದರಲ್ಲಿ ಬೆಚ್ಚಗಿರುತ್ತವೆ.

ಟೊಪ್ಪಿ ಹೊಲಿದಿರುವ ಫ್ಲೀಸ್ ಒಳ್ಳೆಯದು, ಟೊಪ್ಪಿ ತೆಳುವಾಗಿ ತಲೆಗೆ ಅಂಟುವಂತಿದ್ದರೆ ಮಾತ್ರ. ಹೆಲ್ಮೆಟ್ಟಿನ ಕೆಳಗೆ, ಮಳೆಯಂಗಿಯ ಟೊಪ್ಪಿಯ ಒಳಗೆ ಅದು ಕೂರಬೇಕು. ತೋಳಿನ ತುದಿಯಲ್ಲಿ ಹೆಬ್ಬೆರಳಿಗೆ ತೂತಿದ್ದರೆ, ಮೇಲಿನ ಪದರ ತೊಡುವಾಗ ತೋಳು ಮೇಲೆ ಸುರುಳಿಯಾಗುವುದಿಲ್ಲ. ಸಣ್ಣ ಅನುಕೂಲ, ದಿನಕ್ಕೆ ಹತ್ತು ಸಲ ನೆನಪಾಗುವಂಥದ್ದು.

ಪ್ರಶ್ನೆ: ಎಂಟು ವರ್ಷದ ಮಗಳನ್ನು ಕರೆದೊಯ್ಯುತ್ತಿದ್ದೇವೆ. ಅವಳಿಗೂ ಇದೇ ಲೆಕ್ಕವೇ?

ಉತ್ತರ: ಪದರಗಳು ಅವೇ, ನಿಗಾ ಮಾತ್ರ ಹೆಚ್ಚು. ಮಕ್ಕಳ ಮೈತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡದು, ಹಾಗಾಗಿ ಬೇಗ ತಣ್ಣಗಾಗುತ್ತಾರೆ. ಓಡುತ್ತಾರೆ, ತಟ್ಟನೆ ಕೂರುತ್ತಾರೆ. ಚಳಿಯಾಗುತ್ತಿದೆಯೇ ಎಂದು ಕೇಳಿದರೆ ಆಟದ ಭರದಲ್ಲಿ ಇಲ್ಲ ಎನ್ನುತ್ತಾರೆ. ಅರ್ಧ ಗಂಟೆಗೊಮ್ಮೆ ಕತ್ತಿನ ಹಿಂದೆ ಕೈಯಿಟ್ಟು ನೋಡಿ: ಒದ್ದೆ ಇದ್ದರೆ ಒಂದು ಪದರ ತೆಗೆಯಿರಿ, ತಣ್ಣಗಿದ್ದರೆ ಒಂದು ಸೇರಿಸಿ. ಎರಡು ತೆಳು ಫ್ಲೀಸ್ ಇರಲಿ, ಒಂದು ಒದ್ದೆಯಾದರೆ ಇನ್ನೊಂದು. ಬೆಳೆಯುವ ಮಗುವೆಂದು ಎರಡು ಅಳತೆ ದೊಡ್ಡದು ಕೊಳ್ಳಬೇಡಿ, ಜೋಲಾಡುವ ಬಟ್ಟೆಯಲ್ಲಿ ಶಾಖ ನಿಲ್ಲುವುದಿಲ್ಲ. ಬೆನ್ನ ಮೇಲೆ ಹೊತ್ತೊಯ್ಯುವ ಕೂಸಿಗಂತೂ ನಿಮ್ಮ ಮೈಬೆಚ್ಚಗೆ ಅಳತೆಯಲ್ಲ. ನೀವು ಬೆವರುತ್ತಿರುವಾಗ ಅದು ಅಲುಗಾಡದೆ ಕುಳಿತಿರುತ್ತದೆ.

ಪ್ರಶ್ನೆ: ಒಂದು ವರ್ಷದಲ್ಲೇ ಫ್ಲೀಸ್ ಗಂಟುಗಂಟಾಗಿ ಒರಟಾಗಿದೆ, ಒಗೆದರೂ ವಾಸನೆ ಹೋಗುವುದಿಲ್ಲ. ಏನು ಮಾಡಲಿ?

ಉತ್ತರ: ಉಜ್ಜಾಟದಿಂದ ಹೊರಬಂದ ಎಳೆಗಳು ಒಂದಕ್ಕೊಂದು ಸುತ್ತಿಕೊಂಡು ಆ ಗಂಟುಗಳಾಗುತ್ತವೆ. ಒಗೆಯುವಾಗ ಜಿಪ್ ಮುಚ್ಚಿ, ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ ಅಥವಾ 30 ಡಿಗ್ರಿಯಲ್ಲಿ ಯಂತ್ರದ ಮೃದು ಒಗೆತಕ್ಕೆ (ಜೆಂಟಲ್ ಸೈಕಲ್) ಹಾಕಿ. ಜೀನ್ಸ್, ಟವಲ್, ಗುಂಡಿ ಜಿಪ್ಪುಗಳಿರುವ ಒರಟು ಬಟ್ಟೆಗಳ ಜೊತೆ ಬೇಡ. ದ್ರವ ಸೋಪು ಪುಡಿಗಿಂತ ಒಳ್ಳೆಯದು, ಪುಡಿ ಎಳೆಗಳ ನಡುವೆ ಉಳಿಯುತ್ತದೆ. ಬಟ್ಟೆ ಮೆತ್ತಗಾಗಿಸುವ ಸಾಫ್ಟ್‌ನರ್ ಹಾಕಲೇಬೇಡಿ. ಅದು ಎಳೆಗಳ ಮೇಲೆ ಜಿಡ್ಡಿನ ಪದರವಾಗಿ ಕೂತು ಬೆವರು ಸಾಗುವುದನ್ನು ತಡೆಯುತ್ತದೆ. ಇಸ್ತ್ರಿ ಬೇಡ, ಡ್ರೈಯರ್‌ನ ಬಿಸಿ ಬೇಡ: ಶಾಖಕ್ಕೆ ಎಳೆಯ ತುದಿ ಮೆತ್ತಗಾಗಿ ಒಂದಕ್ಕೊಂದು ಅಂಟಿ, ಆರಿದ ಮೇಲೆ ಒರಟಾಗುತ್ತದೆ. ಒಮ್ಮೆ ಹಾಗಾದರೆ ಮರಳಿ ಮೊದಲಿನಂತಾಗುವುದಿಲ್ಲ. ನೆರಳಲ್ಲಿ, ಗಾಳಿಗೆ ಹರವಿದರೆ ಕೆಲವೇ ಗಂಟೆಗಳಲ್ಲಿ ಒಣಗುವ ಬಟ್ಟೆಗೆ ಡ್ರೈಯರ್ ಏಕೆ?

ಆಗಲೇ ಆಗಿರುವ ಗಂಟುಗಳನ್ನು ಬ್ಯಾಟರಿಯ ನೂಲುಕತ್ತರಿ ಯಂತ್ರದಿಂದ (ಲಿಂಟ್ ರಿಮೂವರ್) ಮೆಲ್ಲಗೆ ತೆಗೆಯಬಹುದು. ಬಟ್ಟೆಯನ್ನು ಸಮತಟ್ಟಾಗಿ ಹರವಿ, ಒತ್ತದೆ ಆಡಿಸಿ. ಕೈಯಿಂದ ಕಿತ್ತರೆ ಹೊಸ ಎಳೆಗಳು ಈಚೆ ಬಂದು ಗಂಟು ಹೆಚ್ಚುತ್ತದೆ.

ವಾಸನೆಯದು ಬೇರೆ ಕತೆ. ಪಾಲಿಯೆಸ್ಟರ್ ನೀರನ್ನು ದೂರ ಇಟ್ಟರೂ ಮೈಯ ಜಿಡ್ಡನ್ನು ಹಿಡಿದುಕೊಳ್ಳುತ್ತದೆ, ಆ ಜಿಡ್ಡಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಒಗೆಯುವ ಮೊದಲು ಒಂದು ಪಾಲು ಬಿಳಿ ವಿನೆಗರ್‌ಗೆ ನಾಲ್ಕು ಪಾಲು ತಣ್ಣೀರು ಬೆರೆಸಿ ಅರ್ಧ ಗಂಟೆ ನೆನೆಸಿಡಿ, ಕಂಕುಳ ಭಾಗವನ್ನು ಒಳಮೈಯಿಂದ ಮೆಲ್ಲಗೆ ತಿಕ್ಕಿ, ಚೆನ್ನಾಗಿ ಜಾಲಿಸಿದ ಮೇಲೆ ಸೋಪಿನಲ್ಲಿ ಒಗೆಯಿರಿ. ವಿನೆಗರ್‌ಗೆ ಬ್ಲೀಚ್ ಎಂದಿಗೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಮುಂದೆ ವಾಸನೆ ಬಾರದಿರಲು ಸುಲಭ ದಾರಿ ಎಂದರೆ ಫ್ಲೀಸನ್ನು ಬರಿಮೈಗೆ ತೊಡದಿರುವುದು. ಒಳಗೆ ಮೆರಿನೊ ಅಂಗಿ ಇದ್ದರೆ ಫ್ಲೀಸ್ ಅನೇಕ ದಿನಗಳ ಚಾರಣಕ್ಕೂ ಒಗೆತವಿಲ್ಲದೆ ಬಾಳುತ್ತದೆ.

ಪ್ರಶ್ನೆ: ಮಳೆಯಲ್ಲಿ ನೆನೆದ ಫ್ಲೀಸನ್ನು ರಾತ್ರಿ ಡೇರೆಯಲ್ಲಿ ಒಣಗಿಸುವುದು ಹೇಗೆ? ಬೆಂಕಿಯ ಹತ್ತಿರ ಹಿಡಿದರೆ ತೂತು ಬೀಳುತ್ತಿದೆ.

ಉತ್ತರ: ಪಾಲಿಯೆಸ್ಟರ್ ಸುಮಾರು 250 ಡಿಗ್ರಿಗೆ ಕರಗುತ್ತದೆ. ಹಾರಿಬಂದ ಒಂದು ಕಿಡಿ ಅದಕ್ಕಿಂತ ಎಷ್ಟೋ ಬಿಸಿ. ಬಟ್ಟೆಗಿಂತ ಮೈಯ ಯೋಚನೆ ಮಾಡಿ: ಹೊತ್ತಿಕೊಂಡರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಕ್ಯಾಂಪ್‌ಫೈರ್ ಎದುರು ಕುಳಿತಾಗ, ಸ್ಟೌವ್ ಹಚ್ಚುವಾಗ ಜೂಲುಜೂಲಾದ ಫ್ಲೀಸ್ ಹೊರಗಿರಬಾರದು. ಉಣ್ಣೆಯ ಶಾಲು ಹೊದೆಯಿರಿ, ಇಲ್ಲವೇ ದೂರ ಕೂರಿ.

ಒಣಗಿಸಲು ಬೆಂಕಿ ಬೇಕಿಲ್ಲ. ಮೊದಲು ಉದ್ದಕ್ಕೆ ಮಡಚಿ ಹಿಂಡಿ, ತಿರುಚಿ ಎಳೆಯಬೇಡಿ. ಒಣ ಟವಲ್ ಮೇಲೆ ಹರವಿ ಎರಡನ್ನೂ ಸೇರಿಸಿ ಚಾಪೆಯಂತೆ ಸುರುಳಿ ಸುತ್ತಿ, ಅದರ ಮೇಲೆ ಮೊಣಕಾಲೂರಿ ಒತ್ತಿ. ಆಮೇಲೆ ಡೇರೆಯ ಹೊರಗೆ ನಿಂತು ಜೋರಾಗಿ ಹತ್ತು ಸಲ ಕೊಡವಿ. ಇಷ್ಟಾದ ಮೇಲೆ ಉಳಿಯುವುದು ತೇವ ಮಾತ್ರ. ಇನ್ನೂ ನಡಿಗೆ ಬಾಕಿ ಇದ್ದರೆ ಅದನ್ನು ತೊಟ್ಟೇ ನಡೆಯಿರಿ, ಮೈಶಾಖವೇ ಒಣಗಿಸುತ್ತದೆ. ಮಲಗುವ ಹೊತ್ತಾಗಿದ್ದರೆ ತೊಡಬೇಡಿ, ಡೌನ್ ತುಂಬಿದ ಮಲಗುಚೀಲದೊಳಕ್ಕೂ ಒಯ್ಯಬೇಡಿ, ಅದರ ತೇವವೆಲ್ಲ ಗರಿಗೆ ಹೋಗುತ್ತದೆ. ಡೇರೆಯ ಮೇಲ್ಭಾಗದಲ್ಲಿ ದಾರ ಕಟ್ಟಿ ತೂಗುಹಾಕಿ, ಗಾಳಿಕಿಂಡಿ ತೆರೆದಿರಲಿ. ಬೆಳಿಗ್ಗೆ ತುಸು ತೇವವಿದ್ದರೂ ನಡಿಗೆಯ ಮೊದಲ ಅರ್ಧ ಗಂಟೆಯಲ್ಲಿ ಒಣಗುತ್ತದೆ. ರಾತ್ರಿ ತೊಡಲು ಒಂದು ಒಣ ಜೊತೆ ನೀರು ಹೋಗದ ಚೀಲದಲ್ಲಿ ಬೇರೆಯೇ ಇರಬೇಕು, ಎಂಥ ಸಂದರ್ಭದಲ್ಲೂ ಅದನ್ನು ಹಗಲಿನ ನಡಿಗೆಗೆ ತೆಗೆಯಬಾರದು.

ಪ್ರಶ್ನೆ: ಫ್ಲೀಸ್ ಪ್ಯಾಂಟ್, ಫ್ಲೀಸ್ ಕೈಗವಸು ಬೇಕೇ?

ಉತ್ತರ: ನಡೆಯುವಾಗ ಕಾಲುಗಳೇ ಹೆಚ್ಚು ಕೆಲಸ ಮಾಡುತ್ತವೆ, ಅವಕ್ಕೆ ಥರ್ಮಲ್ ಮತ್ತು ಬೇಗ ಒಣಗುವ ಪ್ಯಾಂಟ್ ಸಾಕು. ಫ್ಲೀಸ್ ಪ್ಯಾಂಟ್ ಬಿಡಾರಕ್ಕೆ, ನಿದ್ದೆಗೆ. ತೆಳು ಫ್ಲೀಸ್ ಕೈಗವಸು ಖಂಡಿತ ಇರಲಿ, ಮೇಲೆ ಗಾಳಿ ತಡೆಯುವ ಇನ್ನೊಂದು ಗವಸು ಹಿಡಿಸುವಷ್ಟು ತೆಳುವಾಗಿ. ಎರಡು ಜೊತೆ ಒಯ್ಯಿರಿ. ಎಲ್ಲಕ್ಕಿಂತ ಮೊದಲು ಒದ್ದೆಯಾಗುವುದೂ ಕಳೆದುಹೋಗುವುದೂ ಕೈಗವಸೇ.

ಪ್ರಶ್ನೆ: ಫ್ಲೀಸ್ ಒಗೆದಾಗ ಪ್ಲಾಸ್ಟಿಕ್ ಎಳೆಗಳು ನೀರಿಗೆ ಸೇರುತ್ತವೆ ಎಂದು ಓದಿ ಮನಸ್ಸಿಗೆ ಕಸಿವಿಸಿಯಾಗಿದೆ. ಮರುಬಳಕೆ ಪಾಲಿಯೆಸ್ಟರ್ ಕೊಂಡರೆ ಪರಿಹಾರವೇ?

ಉತ್ತರ: ಕಸಿವಿಸಿ ಸರಿಯಾದದ್ದೇ. ಎಳೆ ಬಿಡುವುದರಲ್ಲಿ ಮರುಬಳಕೆಯ ಬಟ್ಟೆ ಬೇರೆಯಲ್ಲ, ಅದೂ ಪಾಲಿಯೆಸ್ಟರ್. ಬಾಟಲಿಗಳಿಂದ ಫ್ಲೀಸ್ ತಯಾರಿಸುವುದು 1993ರಷ್ಟು ಹಿಂದೆಯೇ ಶುರುವಾಗಿದೆ. ಹೊಸ ತೈಲ ಉಳಿಯುತ್ತದೆಂಬ ಲಾಭ ನಿಜ, ನೀರಿನ ಸಮಸ್ಯೆ ಅದರಿಂದ ಪರಿಹಾರವಾಗದು.

ನಿಮ್ಮ ಕೈಯಲ್ಲಿರುವುದು ಬೇರೆ ಕೆಲವಿವೆ. ಕಡಿಮೆ ಸಲ ಒಗೆಯಿರಿ: ಬೆವರು ತಾಗದ ಫ್ಲೀಸಿಗೆ ಗಾಳಿಗೆ ಹರವಿದರೆ ಸಾಕು, ಕಲೆಯಾದ ಜಾಗವನ್ನು ಮಾತ್ರ ಒರೆಸಿ. ಒಗೆದರೆ ತಣ್ಣೀರು, ಕಡಿಮೆ ಹೊತ್ತು, ಯಂತ್ರ ತುಂಬುವಷ್ಟು ಬಟ್ಟೆ. ಅರ್ಧ ತುಂಬಿದ ಯಂತ್ರದಲ್ಲಿ ನೀರು ಹೆಚ್ಚು, ಬಡಿತ ಹೆಚ್ಚು, ಎಳೆ ಉದುರುವುದೂ ಹೆಚ್ಚು. ಮೇಲಿನಿಂದ ಹಾಕುವ, ನಡುವೆ ಕಂಬವಿದ್ದು ಕಡೆಯುವ ಯಂತ್ರಕ್ಕಿಂತ ಮುಂದಿನಿಂದ ಹಾಕುವ ಯಂತ್ರ ಕಡಿಮೆ ಉದುರಿಸುತ್ತದೆ. ಎಳೆ ಹಿಡಿಯುವ ಸಣ್ಣ ಕಣ್ಣಿನ ಜಾಲರಿ ಚೀಲಗಳೂ ಸಿಗುತ್ತವೆ, ಅದರೊಳಗೆ ಫ್ಲೀಸ್ ಹಾಕಿ ಒಗೆದು, ಮೂಲೆಯಲ್ಲಿ ಸೇರಿದ ಜುಂಗನ್ನು ಕಸದ ಬುಟ್ಟಿಗೆ ಹಾಕಬೇಕು, ಚೀಲವನ್ನು ನಲ್ಲಿಯ ಕೆಳಗೆ ತೊಳೆಯಬಾರದು. ಉದ್ದ ಜೂಲಿನ ಸಡಿಲ ಹೆಣಿಗೆಗಿಂತ ಬಿಗಿ ಹೆಣಿಗೆಯ ಗಟ್ಟಿ ಬಟ್ಟೆ ಆರಿಸಿಕೊಳ್ಳಿ. ಈಗಿರುವ ಫ್ಲೀಸ್ ಇನ್ನೂ ಬೆಚ್ಚಗಿಡುತ್ತಿದ್ದರೆ ಹೊಸದರ ಯೋಚನೆ ಬಿಟ್ಟು ಅದರ ಜಿಪ್ ಬದಲಾಯಿಸಿ, ಹರಿದ ಮೊಣಕೈಗೆ ತೇಪೆ ಹಾಕಿಸಿ. ಫ್ಲೀಸಿನ ಅಂಚು ನೂಲು ಬಿಡುವುದಿಲ್ಲವಾದ್ದರಿಂದ ತೇಪೆ ಹೊಲಿಯುವುದು ಸುಲಭ: ಅಂಚು ಮಡಚಬೇಕಿಲ್ಲ, ಮೂಲೆಗಳನ್ನು ದುಂಡಗೆ ಕತ್ತರಿಸಿ, ಅಂಕುಡೊಂಕಿನ ಹೊಲಿಗೆ ಹಾಕಿ. ನೇರ ಹೊಲಿಗೆ ಹಾಕಿದರೆ ಬಟ್ಟೆ ಹಿಗ್ಗಿದಾಗ ದಾರ ತುಂಡಾಗುತ್ತದೆ.